ಇಪ್ಪತ್ತಮೂರನೆಯ ಕೊರಳು

ಬೆಳಗಿನ ಹಡಗು ಹತ್ತಿ ಸ್ಫಾಕ್ಸಿಗೆ ಬಂದವನು
ಖ್ಮೈಸ್, ಕೆರ್ಕೆನ್ನಾ ದ್ವೀಪದವನು.
ಮಣ್ಣಿನ ಗಡಿಗೆಯ ಕೊರಳಿಗೆ ಹಗ್ಗ ಬಿಗಿದು
ಕಡಲ ತಳಕ್ಕೆ ಇಳಿಬಿಟ್ಟು
ಆಕ್ಟೋಪಸ್ ಹಿಡಿಯುವುದು ಕಸುಬು.
ಎಡಗಿವಿಯಲ್ಲಿ ನೀರು ನಿಂತಿದೆಯೆಂದು
ಎಂಟು ತಿಂಗಳು ತಲೆ ವಾಲಿಸಿ
ಒಂಟಿಕಾಲಲ್ಲಿ ಕುಪ್ಪಳಿಸಿದನಂತೆ.
ನೀರು ಇಳಿಯಲಿಲ್ಲ. ಕಿವಿಯ ಕೆಳಗೆ
ಖರ್ಜೂರದ ಬೀಜದಷ್ಟು ಗಂಟು ಎದ್ದಿತು.

ನನ್ನ ಪಟ್ಟಿಯಲ್ಲಿ ಅವನು ಇಪ್ಪತ್ತಮೂರು.
ಹೆಸರಿಲ್ಲ, ವಯಸ್ಸುಂಟು.

ಒಂದೇ ಕೊರಳು, ನೋಡುವ ಬಗೆ ಎರಡು.
ಹಳೆಯದು ಅವಸರದ್ದು. ಎರಡೇ ನಿಮಿಷ,
ಒಂದೇ ಉಸಿರಿಗೆ ಮಗ್ಗಿ ಒಪ್ಪಿಸುವ ಹುಡುಗ;
ಗಾಳಿಯೂ ಎಲುಬೂ ಮುಟ್ಟುವ ಕಡೆ ಮಾತ್ರ
ತೊದಲುತ್ತಾನೆ. ದವಡೆ ಸೊಟ್ಟಗಾಗುತ್ತದೆ,
ಮೂಗಿನ ಹಿಂದಿನ ಗೋಡೆ ಮೇಣದಂತೆ ಜಾರುತ್ತದೆ.
ಹೊಸದು ಆರೂವರೆ ನಿಮಿಷದ್ದು. ಮುದುಕಿ,
ಮೊರವನ್ನು ತುಸು ತಿರುಗಿಸಿ, ಮತ್ತೆ ತುಸು ತಿರುಗಿಸಿ
ಪ್ರತಿ ಸುತ್ತಿನಲ್ಲೂ ನಡುವಿನ ಕಾಳನ್ನೇ ಮತ್ತೆ ನೋಡುತ್ತಾಳೆ.
ಗೆರೆ ನೆಟ್ಟಗೆ. ಮೈತುಂಬ ಮಾತ್ರ ರವೆ ರವೆ.

ಇಬ್ಬರೂ ನೀರನ್ನು ಕೇಳುವುದು ಒಂದೇ ಮಾತು:
ಓಡಾಡಲು ನಿನಗೆ ಜಾಗ ಇದೆಯೇನೆ?
ಹುಷಾರಾದ ಮೈಯಲ್ಲಿ ಅದು ಅಡ್ಡಾಡಿಕೊಂಡಿರುತ್ತದೆ.
ಜೀವಕೋಶಗಳು ಬೇಲಿಯಿಲ್ಲದೆ ಬೆಳೆದಲ್ಲಿ
ಈದಿನ ಹಿಂದಿನ ಸಂಜೆ ಹಳೇಪೇಟೆಯ ಗಲ್ಲಿಯ ಹಾಗೆ
ಭುಜಕ್ಕೆ ಭುಜ ತಾಗಿ
ನೀರೂ ನಿಂತುಬಿಡುತ್ತದೆ.
ನಿಂತ ನೀರು ಪರದೆಯ ಮೇಲೆ ಹೊಳೆಯುತ್ತದೆ.

'ನುಂಗಬೇಡ ಚಾಚಾ, ಎಂಜಲೂ ನುಂಗಬೇಡ,'
ಸಾಬ್ರಿ ಹೇಳಿದ ಗಾಜಿನಾಚೆಯಿಂದ.
ಖ್ಮೈಸ್ ನಕ್ಕ. ನಕ್ಕಾಗ ಒಂದು ಲೋಹದ ಹಲ್ಲು.
ಹಳೆಯ ಚಿತ್ರದಲ್ಲಿ ಆ ಹಲ್ಲು
ಬಾಯಿಯ ಕಾಲುಭಾಗವನ್ನೇ ತಿಂದು ಕೂತಿತ್ತು.
ಉಸಿರು ಕಟ್ಟಿ ಬೆಳೆದವನು, ಕದಲಲಿಲ್ಲ.
ನಾಲ್ಕನೇ ನಿಮಿಷದಲ್ಲಿ ಮಾತ್ರ ಕೆಮ್ಮಿದ,
ಮುದುಕಿ ಮೊರ ಕೆಳಗಿಟ್ಟು ಮೊದಲಿಂದ ಶುರುಮಾಡಿದಳು.

ಪಕ್ಕದ ಕೋಣೆಯಲ್ಲಿ ರವೂಫ್. ಅವನ ಅಂಕ ನಾನು ನೋಡುವಂತಿಲ್ಲ,
ನನ್ನದು ಅವನು. ನಿಯಮ.
ಹಳೆಯದಕ್ಕೆ ನಾನು ಎರಡು ಕೊಟ್ಟೆ, ಅವನು ಮೂರು
ಎಂದು ಆಮೇಲೆ ಗೊತ್ತಾಯಿತು. ಹೊಸದಕ್ಕೆ
ಇಬ್ಬರದೂ ನಾಲ್ಕಕ್ಕೆ ನಾಲ್ಕು.
ಮೂಗಿನ ಹಿಂದಿನ ಆ ಸಣ್ಣ ಸಂದಿನಲ್ಲಿ
ಕಾಲುಗಳನ್ನೆಲ್ಲ ಒಳಗೆಳೆದುಕೊಂಡು
ಕೂತಿತ್ತು ಅದು.
ಎಷ್ಟು ಚೊಕ್ಕ ಅಂಚು! ಹಿಗ್ಗಿದೆ.
ಹಿಗ್ಗಿದ್ದಕ್ಕೆ ಎದ್ದುಹೋಗಿ ಕೈ ತೊಳೆದುಕೊಂಡೆ,
ಎರಡು ಸಲ, ಸೋಪು ಹಾಕಿ.

ಅವನಿಗೆ ತೋರಿಸಿದೆ. ತೋರಿಸಬೇಕೆಂದಿರಲಿಲ್ಲ,
ಕೇಳಿದ. ಹೊಳೆಯುವುದೇಕೆ ಎಂದ.
ಅಲ್ಲಿ ನೀರು ಕದಲುತ್ತಿಲ್ಲ ಎಂದೆ.
ಗಡ್ಡ ಕೆರೆದುಕೊಂಡ.
'ನಾವೂ ಗಡಿಗೆ ಬಿಡುವುದು ಅಂಥ ಕಡೆಯೇ ಡಾಕ್ಟರಮ್ಮ.
ಸೆಳೆತ ಇಲ್ಲದ ಜಾಗ ನೋಡಿ ಒಳಗೆ ಸೇರಿಕೊಳ್ಳುತ್ತದೆ.
ತನ್ನದೇ ಮನೆ ಅಂದುಕೊಳ್ಳುತ್ತದೆ ಪಾಪ.'
ಆಮೇಲೆ ಎರಡೂ ಚಿತ್ರಗಳಿಗೆ ಬೆರಳಿಟ್ಟು,
'ಇವುಗಳಲ್ಲಿ ನನಗೆ ಯಾವುದು ಒಳ್ಳೆಯದು?'

ಅದೇ ಪ್ರಶ್ನೆ. ಮುಖಪುಟದ ಮೇಲೆ
ಹನ್ನೊಂದು ಪದಗಳಲ್ಲಿ ನಾನು ಬರೆದಿಟ್ಟದ್ದೂ ಅದೇ.
ಮೂವತ್ತೇಳು ಕೊರಳು ಮುಗಿದ ಮೇಲೆ
ಉತ್ತರ ಬರುತ್ತದೆ, ದಶಮಾಂಶದ ಬಲಕ್ಕೆ
ಮೂರು ಸೊನ್ನೆ ಹೊತ್ತುಕೊಂಡು.
ಅವನದು ಬೇರೆ ಪ್ರಶ್ನೆ, ಅವೇ ಪದಗಳು.

ಚೂರು ತೆಗೆದು ಪರೀಕ್ಷಿಸಬೇಕು, ಸೋಮವಾರ ಬಾ ಎಂದೆ.
ಚೀಟಿ ಮಡಚಿ ಟೋಪಿಯೊಳಗಿಟ್ಟ.
ಸೋಮವಾರ ಗಡಿಗೆ ಎತ್ತುವ ದಿನ, ಮಂಗಳವಾರ ಆಗದೆ?
ಆಗಲಿ, ಮಂಗಳವಾರ.
ಹಡಗು ನಾಲ್ಕಕ್ಕೆ. ಬಾಗಿಲಲ್ಲಿ ನಿಂತು
ತಲೆಯನ್ನು ಎಡಕ್ಕೆ ವಾಲಿಸಿ
ಒಂಟಿಕಾಲಲ್ಲಿ ಒಮ್ಮೆ ಕುಪ್ಪಳಿಸಿದ,
ಅಭ್ಯಾಸ.